ಯಾವ ಹುಳ ಸಾಕೋಣ? ಕರಿಬೇವಿನ ಹುಳದಿಂದ ಮುಜಂಟಿ ಜೇನಿನವರೆಗೆ

ನಾಯಿ ಸಾಕೋಣ ಅಂದರೆ ಅಪಾರ್ಟ್‌ಮೆಂಟಿನಲ್ಲಿ ಜಾಗ ಇಲ್ಲ. ಮೀನಿನ ತೊಟ್ಟಿ ತೊಳೆಯೋಕೆ ಪುರುಸೊತ್ತಿಲ್ಲ. ಮಗು ಮಾತ್ರ ಏನಾದರೂ ಸಾಕಲೇಬೇಕು ಅಂತ ಹಟ ಹಿಡಿದಿದೆ. ಇಂಥ ಮನೆಯವರು ಕೇಳಿದಾಗೆಲ್ಲ ಹುಳ ಸಾಕಿ ಅಂತ ಹೇಳುತ್ತೇನೆ. ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. ಒಂದು ಜೀವ ಮೊಟ್ಟೆ ಒಡೆದು ಬಂದು, ತಿಂದು, ಬೆಳೆದು, ಪೂರ್ತಿ ಬೇರೆಯೇ ರೂಪ ತಾಳುವುದನ್ನು ಒಂದೇ ತಿಂಗಳಲ್ಲಿ ಕಣ್ಣೆದುರಿಗೆ ತೋರಿಸುವ ಸಾಕುಪ್ರಾಣಿ ಬೇರೆ ಯಾವುದಿದೆ?

ಆದರೆ ಯಾವ ಹುಳ ಅನ್ನುವುದಕ್ಕೆ ಎಲ್ಲರಿಗೂ ಒಂದೇ ಉತ್ತರ ಸಲ್ಲುವುದಿಲ್ಲ. ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟವರಿಗೆ ಒಂದು, ಅಡಿಕೆ ತೋಟ ಇರುವವರಿಗೆ ಇನ್ನೊಂದು, ಆರು ವರ್ಷದ ಮಗುವಿಗೆ ಮತ್ತೊಂದು. ಆರಿಸುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಅದರ ಊಟ ದಿನಾ ನಿಮ್ಮ ಕೈಗೆ ಸಿಗುತ್ತಾ? ಎಷ್ಟು ದಿನದ ಜವಾಬ್ದಾರಿ? ಕೊನೆಗೆ ಅದು ಎಲ್ಲಿಗೆ ಹೋಗುತ್ತದೆ?

ಇವುಗಳಲ್ಲಿ ಮೊದಲನೆಯದೇ ದೊಡ್ಡದು. ಎಲೆ ತಿನ್ನುವ ಹುಳಗಳಲ್ಲಿ ಎಷ್ಟೋ ಜಾತಿಗಳು ಒಂದೆರಡು ಬಗೆಯ ಗಿಡ ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ. ಎಕ್ಕದ ಗಿಡದ ಹುಳಕ್ಕೆ ಕೊತ್ತಂಬರಿ ಸೊಪ್ಪು ಕೊಟ್ಟರೆ ಉಪವಾಸ ಬಿದ್ದು ಸಾಯುತ್ತದೆಯೇ ಹೊರತು ಬಾಯಿ ಹಾಕುವುದಿಲ್ಲ. ಹಾಗಾಗಿ ಹುಳ ಹುಡುಕಲು ಹೊರಡುವ ಮುಂಚೆ ಎಲೆ ನೋಡಿಕೊಳ್ಳಿ. ಯಾವ ಗಿಡ ನಿಮ್ಮಲ್ಲಿದೆಯೋ, ಅದರ ಹುಳವೇ ನಿಮ್ಮ ಹುಳ.

ಕರಿಬೇವು ಮತ್ತು ನಿಂಬೆ ಗಿಡದ ಹುಳ

ಹೆಚ್ಚಿನ ಮನೆಗಳಿಗೆ ನನ್ನ ಮೊದಲ ಆಯ್ಕೆ ಇದೇ. ಕರಿಬೇವಿನ ಗಿಡಕ್ಕೆ ಕಾಮನ್ ಮಾರ್ಮನ್ ಅನ್ನುವ ಕಪ್ಪು ಚಿಟ್ಟೆ ಬರುತ್ತದೆ. ನಿಂಬೆ, ಹೇರಳೆ ಗಿಡಗಳಿಗೆ ಹಳದಿ-ಕಪ್ಪು ಮಚ್ಚೆಯ ಲೈಮ್ ಬಟರ್‌ಫ್ಲೈ. ಬೆಂಗಳೂರಿನ ಮೂರನೇ ಮಹಡಿಯ ಬಾಲ್ಕನಿಗೂ ಬರುತ್ತವೆ. ನೀವು ಎಲ್ಲಿಂದಲೋ ತರಬೇಕಿಲ್ಲ, ದುಡ್ಡು ಕೊಡಬೇಕಿಲ್ಲ. ಚಿಗುರೆಲೆ ಇದ್ದರೆ ಹೆಣ್ಣು ಚಿಟ್ಟೆ ತಾನಾಗಿ ಹುಡುಕಿಕೊಂಡು ಬಂದು, ಎಲೆಗೊಂದರಂತೆ ತಿಳಿಹಳದಿ ಮೊಟ್ಟೆ ಇಟ್ಟು ಹೋಗುತ್ತದೆ. ಸಾಸಿವೆಗಿಂತ ಚಿಕ್ಕದು, ಗುಂಡಗೆ ಇರುತ್ತದೆ. ಎಳೆ ಎಲೆಯ ಮೇಲೂ ಕೆಳಗೂ ನೋಡಿ.

ಮೊಟ್ಟೆಯಿಂದ ಬಂದ ಹುಳ ಮೊದಲ ಕೆಲವು ದಿನ ಹಕ್ಕಿಯ ಹಿಕ್ಕೆಯ ಥರವೇ ಕಾಣುತ್ತದೆ. ಕಂದು ಮೈ, ನಡುವೆ ಬಿಳಿ ಪಟ್ಟೆ, ಮೇಲೆ ಒದ್ದೆ ಹೊಳಪು. ಹಕ್ಕಿಯ ಕಣ್ಣು ತಪ್ಪಿಸುವ ವೇಷ ಅದು. ಗೊತ್ತಿಲ್ಲದವರು ಎಲೆಯನ್ನೇ ಕಿತ್ತು ಎಸೆದುಬಿಡುತ್ತಾರೆ. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಒಮ್ಮೆಗೇ ಹಸಿರಾಗುತ್ತದೆ, ಬೆರಳಿನ ಗಾತ್ರಕ್ಕೆ ಬರುತ್ತದೆ. ಆಗ ಕಡ್ಡಿಯಿಂದ ಮೆಲ್ಲಗೆ ಬೆನ್ನು ಮುಟ್ಟಿ ನೋಡಿ. ತಲೆಯ ಹಿಂದಿನ ಮಡಿಕೆಯಿಂದ ಕವಲೊಡೆದ ಕೆಂಪು ಅಂಗವೊಂದು ಪುಳಕ್ಕನೆ ಹೊರಗೆ ಬರುತ್ತದೆ, ಜೊತೆಗೆ ಘಾಟು ವಾಸನೆ. ಇರುವೆ, ಜೇಡಗಳನ್ನು ಓಡಿಸುವ ಅಸ್ತ್ರ ಅದು. ಮಕ್ಕಳಿಗೆ ಇದನ್ನು ಒಂದು ಸಲ ತೋರಿಸಿ ಸಾಕು. ಪದೇ ಪದೇ ಕೆಣಕಿದರೆ ಹುಳ ತಿನ್ನುವುದನ್ನು ನಿಲ್ಲಿಸಿ ಸೊರಗುತ್ತದೆ.

ಸಾಕುವ ಕ್ರಮ ಸರಳ. ಗಿಡದಲ್ಲೇ ಬಿಟ್ಟು ಸೊಳ್ಳೆಪರದೆ ಬಟ್ಟೆಯನ್ನು ಕೊಂಬೆಗೆ ಸಡಿಲವಾಗಿ ಕಟ್ಟಿದರೆ ಆಯಿತು. ಒಳಗೆ ಸಾಕುವುದಾದರೆ ಕೊಂಬೆ ಕಡಿದು ನೀರಿನ ಸಣ್ಣ ಬಾಟಲಿಯಲ್ಲಿಡಿ. ಬಾಟಲಿಯ ಬಾಯಿಗೆ ಹತ್ತಿ ತುರುಕುವುದನ್ನು ಮರೆಯಬೇಡಿ, ಹುಳ ಕೆಳಗೆ ಇಳಿದು ನೀರಲ್ಲಿ ಮುಳುಗುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ ಬೇಡ. ಎಲೆ ಬೆವೆತು ಹಿಕ್ಕೆಗೆ ಬೂಷ್ಟು ಹಿಡಿದರೆ ಹುಳಕ್ಕೆ ಕಾಯಿಲೆ ಗ್ಯಾರಂಟಿ. ಅಂಗಡಿಯ ಕರಿಬೇವಂತೂ ಬೇಡವೇ ಬೇಡ. ಔಷಧಿ ಹೊಡೆದ ಒಂದೇ ಒಂದು ಎಲೆ ಸಾಕು, ಬೆಳಗ್ಗೆ ಎದ್ದು ನೋಡಿದರೆ ಎಲ್ಲವೂ ಸತ್ತಿರುತ್ತವೆ.

ಕೋಶ ಕಟ್ಟುವ ಹಿಂದಿನ ದಿನ ಹುಳ ಊಟ ಬಿಟ್ಟು ನೀರು ನೀರಾದ ಹಿಕ್ಕೆ ಹಾಕಿ, ದಿಕ್ಕೆಟ್ಟಂತೆ ಅಡ್ಡಾಡುತ್ತದೆ. ಕಾಯಿಲೆ ಅಂತ ಗಾಬರಿಯಾಗಬೇಡಿ. ಜಾಗ ಹುಡುಕುತ್ತಿದೆ ಅಷ್ಟೆ. ಒಂದು ಕಡ್ಡಿ ಆರಿಸಿಕೊಂಡು, ಬಾಲದ ತುದಿಗೆ ರೇಷ್ಮೆಯ ಮೆತ್ತೆ ಹಾಕಿ, ಸೊಂಟಕ್ಕೆ ಒಂದೇ ಎಳೆಯ ಪಟ್ಟಿ ಕಟ್ಟಿಕೊಂಡು ಅದಕ್ಕೆ ಒರಗುತ್ತದೆ. ಹಸಿರು ಕಡ್ಡಿ, ಎಲೆಗಳ ನಡುವೆ ಕಟ್ಟಿದ ಕೋಶ ಸಾಮಾನ್ಯವಾಗಿ ಹಸಿರು, ಒಣ ಕಡ್ಡಿಯಲ್ಲಿ ಕಟ್ಟಿದ್ದು ಹೆಚ್ಚಾಗಿ ಕಂದು. ಹತ್ತು ಹನ್ನೆರಡು ದಿನಕ್ಕೆ ಕೋಶದ ಸಿಪ್ಪೆ ತೆಳುವಾಗಿ ರೆಕ್ಕೆಯ ಬಣ್ಣ ಒಳಗಿನಿಂದ ಕಾಣತೊಡಗಿದರೆ ಮರುದಿನ ಬೆಳಗ್ಗೆ ಬೇಗ ಏಳಿ.

ಒಂದು ವಿಷಯಕ್ಕೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಹೊರಗಿನಿಂದ ತಂದ ಹುಳಗಳಲ್ಲಿ ಎಲ್ಲವೂ ಚಿಟ್ಟೆಯಾಗುವುದಿಲ್ಲ. ಚಿಕ್ಕ ಪರಾವಲಂಬಿ ಕಣಜಗಳು ಹುಳದ ಒಳಗೋ ಕೋಶದ ಒಳಗೋ ಮೊದಲೇ ಮೊಟ್ಟೆ ಇಟ್ಟಿರುತ್ತವೆ. ಕೋಶ ಕಪ್ಪಾಗಿ, ಅದರಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು, ಚಿಟ್ಟೆಯ ಬದಲು ಗುಂಪು ಗುಂಪಾಗಿ ಸಣ್ಣ ಕಣಜ ಹೊರಬಂದರೆ ಮಗು ಅಳುತ್ತದೆ. ಅದೂ ಒಂದು ಜೀವದ ಕಥೆಯೇ. ಹೊಲ, ತೋಟಗಳಲ್ಲಿ ಹುಳಗಳ ಸಂಖ್ಯೆ ಹತೋಟಿಯಲ್ಲಿ ಇರುವುದು ಇವುಗಳಿಂದ. ಮೊಟ್ಟೆ ಇದ್ದಾಗಲೇ ಎಲೆ ತಂದು ಪರದೆಯೊಳಗೆ ಇಟ್ಟರೆ ಈ ತೊಂದರೆ ಬಹಳ ಕಡಿಮೆ.

ರಸ್ತೆ ಬದಿಯ ಎಕ್ಕದ ಗಿಡದಲ್ಲಿ ಪ್ಲೇನ್ ಟೈಗರ್ ಚಿಟ್ಟೆಯ ಹುಳ ಸಿಗುತ್ತದೆ, ಕಪ್ಪು-ಬಿಳಿ-ಹಳದಿ ಪಟ್ಟೆಯದು, ನೋಡಲು ಬಲು ಚಂದ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಹಾಗಾಗಿ ದೊಡ್ಡವರೇ ಎಲೆ ಕೀಳಬೇಕು. ಕಣಗಿಲೆಯಲ್ಲಿ ಸಿಗುವ ಕಾಮನ್ ಕ್ರೋ ಚಿಟ್ಟೆಯ ಕೋಶ ಕನ್ನಡಿಯಂತೆ ಹೊಳೆಯುತ್ತದೆ. ಆದರೆ ಕಣಗಿಲೆ ವಿಷದ ಗಿಡ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿರುವ ಮನೆಗೆ ಬೇಡ. ಮೈತುಂಬ ಕೂದಲಿರುವ ಕಂಬಳಿಹುಳಗಳನ್ನಂತೂ ಬರಿಗೈಯಲ್ಲಿ ಮುಟ್ಟಲೇಬೇಡಿ.

ರೇಷ್ಮೆ ಹುಳ

ರಾಮನಗರ, ಶಿಡ್ಲಘಟ್ಟ, ಮಂಡ್ಯ, ಕೋಲಾರದ ಕಡೆಯವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಿಲ್ಲ. ದೇಶದಲ್ಲಿ ಅತಿ ಹೆಚ್ಚು ಹಿಪ್ಪುನೇರಳೆ ರೇಷ್ಮೆ ಬೆಳೆಯುವ ರಾಜ್ಯ ನಮ್ಮದು. ಹಾಗಾಗಿ ಸಾಕುವ ಜ್ಞಾನ, ಮೊಟ್ಟೆ, ಚಾಕಿ ಅನ್ನುವ ಎಳೆ ಹುಳ, ಎಲ್ಲವೂ ಕೇಳಿದರೆ ಸಿಗುವಷ್ಟು ಹತ್ತಿರದಲ್ಲಿವೆ. ಪರಿಚಯದ ರೈತರನ್ನೋ ಚಾಕಿ ಸಾಕಾಣಿಕೆ ಕೇಂದ್ರವನ್ನೋ ಕೇಳಿದರೆ ಮಗುವಿಗೆ ಅಂತ ಮೂವತ್ತು ನಲವತ್ತು ಹುಳ ಕೊಡುವುದು ಅವರಿಗೆ ಕಷ್ಟವೇನಲ್ಲ.

ಚಿಟ್ಟೆಯ ಹುಳಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಏನೆಂದರೆ, ಇದು ಕಾಡಿನ ಜೀವ ಅಲ್ಲ. ಸಾವಿರಾರು ವರ್ಷ ಮನುಷ್ಯರ ಕೈಯಲ್ಲೇ ಬೆಳೆದು, ಊಟ ಹುಡುಕಿಕೊಂಡು ಹೋಗುವುದನ್ನೇ ಮರೆತಿದೆ. ತಟ್ಟೆಗೆ ಮುಚ್ಚಳ ಬೇಡ, ಓಡಿಹೋಗುವುದಿಲ್ಲ. ಸೊಪ್ಪು ಹಾಕಿದರೆ ತಿನ್ನುತ್ತದೆ, ಹಾಕದಿದ್ದರೆ ಅಲ್ಲೇ ಕಾಯುತ್ತದೆ. ಮಗು ಕೈಯಲ್ಲಿ ಹಿಡಿದು ನೋಡಬಹುದು, ಕಚ್ಚುವುದಿಲ್ಲ, ತುರಿಕೆಯಿಲ್ಲ. ಮುಟ್ಟಿ ಸಾಕುವ ಹುಳ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಅದಕ್ಕೆ ತಕ್ಕ ದುಡಿಮೆಯೂ ಇದೆ. ಮೊಟ್ಟೆ ಒಡೆದು ಗೂಡು ಕಟ್ಟುವವರೆಗೆ ಸುಮಾರು 25 ದಿನ. ನಡುವೆ ನಾಲ್ಕು ಜ್ವರ. ರೈತರು ಜ್ವರ ಅನ್ನುವುದು ಹುಳ ಪೊರೆ ಬಿಡುವ ಹೊತ್ತಿಗೆ. ಆಗ ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತದೆ, ಊಟ ಬಿಡುತ್ತದೆ. ಆ ಹೊತ್ತಿನಲ್ಲಿ ಸೊಪ್ಪು ಹಾಕಬೇಡಿ, ಮುಟ್ಟಬೇಡಿ. ಎಲ್ಲವೂ ಜ್ವರದಿಂದ ಎದ್ದ ಮೇಲೆ ಒಟ್ಟಿಗೆ ಊಟ ಕೊಡಿ. ಒಂದು ಹುಳ ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗೆ ತಿನ್ನುವುದು ಸುಮಾರು 20ರಿಂದ 25 ಗ್ರಾಂ ಎಲೆ. ಕೇಳಲು ಸ್ವಲ್ಪ ಅನ್ನಿಸುತ್ತದೆ, ಅಲ್ವಾ? ಆದರೆ ಅದರಲ್ಲಿ ಮುಕ್ಕಾಲಿಗೂ ಜಾಸ್ತಿ ನಾಲ್ಕನೇ ಜ್ವರದ ನಂತರದ ಒಂದು ವಾರದಲ್ಲೇ ಬೇಕು. ಐವತ್ತು ಹುಳ ಇದ್ದರೆ ಆ ವಾರ ಒಂದು ಕಿಲೋದಷ್ಟು ತಾಜಾ ಹಿಪ್ಪುನೇರಳೆ ಸೊಪ್ಪು ಹೊಂದಿಸಬೇಕು. ಇಲ್ಲೇ ಎಷ್ಟೋ ಜನ ಸೋಲುತ್ತಾರೆ. ಹಿತ್ತಲಲ್ಲಿ ಒಂದೇ ಗಿಡ ಇದ್ದರೆ ಹತ್ತು ಹುಳಕ್ಕೆ ಮೀರಬೇಡಿ.

ಒದ್ದೆ ಎಲೆ ಹಾಕಬಾರದು. ಮಳೆಯಲ್ಲಿ ಕಿತ್ತಿದ್ದರೆ ಬಟ್ಟೆಯಲ್ಲಿ ಒರೆಸಿ ಹಾಕಿ. ಹುಳದ ಗಿಣ್ಣು ಊದಿ, ಚರ್ಮ ಒಡೆದು ಹಾಲಿನಂಥ ರಸ ಬಂದರೆ ಅದು ಹಾಲು ರೋಗ. ಸತ್ತ ಹುಳ ಬೆಳ್ಳಗೆ ಸೀಮೆಸುಣ್ಣದಂತೆ ಗಟ್ಟಿಯಾದರೆ ಸುಣ್ಣಕಟ್ಟು. ಅಂಥದ್ದನ್ನು ತಕ್ಷಣ ತೆಗೆದು ಸುಟ್ಟುಬಿಡಿ. ಇನ್ನೊಂದು ಶತ್ರು ಊಜಿ ನೊಣ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ಹುಳದ ಚರ್ಮದ ಮೇಲೆ ಮೊಟ್ಟೆ ಇಡುತ್ತದೆ, ಆ ಜಾಗದಲ್ಲಿ ಕಪ್ಪು ಕಲೆ ಬೀಳುತ್ತದೆ. ಕಿಟಕಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಇದ್ದರೆ ಭಯವಿಲ್ಲ. ನಿಮ್ಮ ಊರಿನಲ್ಲಿ ರೇಷ್ಮೆ ಸಾಕುವವರಿದ್ದರೆ ಒಂದು ಕಳಕಳಿಯ ಮಾತು: ರೋಗ ಬಂದ ಹುಳವನ್ನಾಗಲಿ, ಅದರ ಕಸವನ್ನಾಗಲಿ ಅವರ ಹುಳುಮನೆಯ ಹತ್ತಿರ ಎಸೆಯಬೇಡಿ. ನಿಮಗೆ ಅದು ಆಟ, ಅವರಿಗೆ ಬದುಕು.

ಹುಳ ಹಣ್ಣಾದಾಗ ಮೈ ಪಾರದರ್ಶಕವಾಗಿ ಹಳದಿ ಹೊಳಪು ಬರುತ್ತದೆ. ಆಗ ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟೆಗೆ ಬಿಡಬೇಕು. ಮನೆಯಲ್ಲಾದರೆ ಮೊಟ್ಟೆಯ ರಟ್ಟಿನ ಟ್ರೇ ಸಾಕು. ಎರಡು ಮೂರು ದಿನದಲ್ಲಿ ಗೂಡು ಸಿದ್ಧ. ಒಂದೇ ಗೂಡಿನ ನೂಲು ಕಿಲೋಮೀಟರಿನ ಹತ್ತಿರ ಬರುತ್ತದೆ.

ಈಗ ಮೂರನೇ ಪ್ರಶ್ನೆಗೆ ಬರೋಣ, ಕೊನೆಗೆ ಏನು? ನೂಲು ಬೇಕೆಂದರೆ ಗೂಡನ್ನು ಬಿಸಿಗೆ ಒಡ್ಡಬೇಕು, ಒಳಗಿನ ಜೀವ ಸಾಯುತ್ತದೆ. ಬಿಟ್ಟರೆ ಹತ್ತು ಹನ್ನೆರಡು ದಿನಕ್ಕೆ ಬೆಳ್ಳನೆಯ ಪತಂಗ ಗೂಡಿನ ತುದಿಯನ್ನು ಒದ್ದೆ ಮಾಡಿ ತೂತು ಕೊರೆದು ಬರುತ್ತದೆ. ಅದಕ್ಕೆ ತಿನ್ನುವ ಬಾಯಿಲ್ಲ, ಹಾರಲು ಬರುವುದಿಲ್ಲ, ಒಂದು ವಾರ ಬದುಕಿದರೆ ಹೆಚ್ಚು. ಅಷ್ಟರಲ್ಲಿ ಜೊತೆಗೂಡಿ ಒಂದು ಹೆಣ್ಣು ನಾನೂರರಷ್ಟು ಮೊಟ್ಟೆ ಇಡುತ್ತದೆ. ಅಷ್ಟಕ್ಕೂ ಸೊಪ್ಪು ಎಲ್ಲಿಂದ ತರುತ್ತೀರಿ? ಅದಕ್ಕೇ ಪತಂಗ ಬಂದ ತಕ್ಷಣ, ದಪ್ಪ ಹೊಟ್ಟೆಯ ಹೆಣ್ಣನ್ನೂ ರೆಕ್ಕೆ ಬಡಿಯುತ್ತಾ ಸುತ್ತುವ ಗಂಡನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ. ಇದನ್ನೆಲ್ಲ ಮಗುವಿಗೆ ಮೊದಲ ದಿನವೇ ಹೇಳಿಬಿಡಿ. ಕೊನೆಯಲ್ಲಿ ಹೇಳಿದರೆ ಮೋಸ ಮಾಡಿದಂತಾಗುತ್ತದೆ.

ಇವೆರಡರಲ್ಲಿ ಯಾವುದು ಅಂದರೆ, ನಾನು ಚಿಟ್ಟೆಯ ಕಡೆ. ಅದು ತಾನಾಗಿ ಬಂತು, ತಾನಾಗಿ ಹಾರಿಹೋಯಿತು, ನಡುವೆ ನಮ್ಮದು ಒಂದು ಪರದೆಯ ಸಹಾಯ. ಆದರೆ ಶಾಲೆಯ ತರಗತಿಗೆ ರೇಷ್ಮೆ ಹುಳವೇ ಸರಿ. ನಲವತ್ತು ಮಕ್ಕಳೂ ಮುಟ್ಟಬಹುದು, ಎಲ್ಲವೂ ಒಂದೇ ದಿನ ಜ್ವರಕ್ಕೆ ಕೂರುತ್ತವೆ, ಒಟ್ಟಿಗೇ ಏಳುತ್ತವೆ.

ಜೇನು: ಮುಜಂಟಿಯೋ ತುಡುವೆಯೋ

ಇದು ತಿಂಗಳಲ್ಲಿ ಮುಗಿಯುವ ವಿಷಯ ಅಲ್ಲ. ಜೇನು ಅಂದರೆ ವರ್ಷಗಳ ಸಂಬಂಧ. ಹೆಜ್ಜೇನು, ಕೋಲುಜೇನುಗಳನ್ನು ಪೆಟ್ಟಿಗೆಯಲ್ಲಿ ಸಾಕಲು ಆಗುವುದಿಲ್ಲ, ಅವು ಬಯಲಲ್ಲಿ ಒಂದೇ ಎರಿ ಕಟ್ಟುವಂಥವು. ಮನೆಮಟ್ಟಿಗೆ ಉಳಿಯುವುದು ತುಡುವೆ ಮತ್ತು ಮುಜಂಟಿ. ಮಲೆನಾಡಿನ ಕಡೆ ಮುಜಂಟಿಗೆ ಮಿಸರಿ ಅಂತಲೂ ನಸರಿ ಅಂತಲೂ ಅನ್ನುತ್ತಾರೆ.

ತುಡುವೆಗೆ ತೋಟ ಬೇಕು, ಸುತ್ತ ಒಂದು ಕಿಲೋಮೀಟರಿನಲ್ಲಿ ಹೂವು ಬೇಕು, ನಿಮಗೆ ಧೈರ್ಯ ಬೇಕು. ಸುಳ್ಯ, ಪುತ್ತೂರು, ಶಿರಸಿ, ಕೊಡಗಿನ ಕಡೆ ಇದು ತಲೆಮಾರುಗಳ ವಿದ್ಯೆ. ಪೆಟ್ಟಿಗೆಯಲ್ಲಿ ಕೆಳಗೆ ಮರಿ ಬೆಳೆಯುವ ಸಂಸಾರ ಕೋಣೆ, ಮೇಲೆ ಜೇನು ಕೋಣೆ. ಸಂಸಾರ ಪಾಲಾಗುವ ಕಾಲದಲ್ಲಿ ವಾರಕ್ಕೊಮ್ಮೆಯಾದರೂ ಪೆಟ್ಟಿಗೆ ತೆರೆದು ಹೊಸ ರಾಣಿ ಬೆಳೆಯುವ ರಾಣಿಕಣ ಇದೆಯಾ ಅಂತ ನೋಡಬೇಕು, ಇಲ್ಲದಿದ್ದರೆ ಅರ್ಧ ಸಂಸಾರ ಹಾರಿಹೋಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದ ಊರುಗಳಲ್ಲಿ ಹೊರಗೆ ಊಟವಿಲ್ಲ, ಸಕ್ಕರೆ ಪಾಕ ಕೊಡಬೇಕು. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡದಿದ್ದರೆ ಇರುವೆ ಹತ್ತುತ್ತದೆ. ಸಂಸಾರ ಸೊರಗಿ ಎರಿ ಖಾಲಿ ಬಿದ್ದರೆ ಮೇಣದ ಪತಂಗ ಒಳಸೇರುತ್ತದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ಬಂದು ದಕ್ಷಿಣ ಭಾರತದ ತುಡುವೆ ಸಂಸಾರಗಳಲ್ಲಿ ಬಹುಪಾಲು ನೆಲಕಚ್ಚಿದವು. ಆ ಕಾಲದ ಕೃಷಿಕರು ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದ್ದನ್ನು ಈಗಲೂ ನೆನೆಯುತ್ತಾರೆ. ಇಷ್ಟೆಲ್ಲ ಇದ್ದೂ ಒಳ್ಳೆಯ ಜಾಗದಲ್ಲಿ ವರ್ಷಕ್ಕೆ ಕೆಲವು ಕಿಲೋ ಜೇನುತುಪ್ಪ ಕೊಡುತ್ತದೆ. ತೋಟದ ಫಸಲಿಗೆ ಆಗುವ ಪರಾಗಸ್ಪರ್ಶದ ಲಾಭ ಬೇರೆ.

ಮುಜಂಟಿಗೆ ಕೊಂಡಿಯೇ ಇಲ್ಲ. ಸಿಟ್ಟು ಬಂದರೆ ಕೂದಲಿಗೆ ಸಿಕ್ಕಿಕೊಂಡು ಕಚ್ಚುತ್ತದೆ, ಅಷ್ಟೆ. ಇರುವೆಗಿಂತ ಸ್ವಲ್ಪ ದೊಡ್ಡದು. ಹಳೆ ಮನೆಯ ಮಣ್ಣಿನ ಗೋಡೆ, ಕಲ್ಲಿನ ಸಂದು, ಮರದ ಪೊಟರೆಯಲ್ಲಿ ಮನೆ ಮಾಡಿಕೊಂಡು, ಬಾಗಿಲಿಗೆ ಅಂಟು ಮತ್ತು ಮೇಣದ ಪುಟ್ಟ ಕೊಳವೆ ಕಟ್ಟುತ್ತದೆ. ಒಂದು ಸಂಜೆ ಆ ಕೊಳವೆಯ ಮುಂದೆ ಕೂತು ನೋಡಿ. ಬಾಯಿಯ ಸುತ್ತ ಐದಾರು ಕಾವಲುಗಾರ ಹುಳಗಳು ತಲೆ ಹೊರಗೆ ಹಾಕಿಕೊಂಡು ನಿಂತಿರುತ್ತವೆ. ಹಿಂಗಾಲಿಗೆ ಪರಾಗದ ಉಂಡೆ ಕಟ್ಟಿಕೊಂಡ ಹುಳ ಬಂದರೆ ದಾರಿ ಬಿಡುತ್ತವೆ, ಇರುವೆ ಬಂದರೆ ಅಂಟು ಮೆತ್ತಿ ಕೆಡವುತ್ತವೆ. ಒಳಗೆ ತುಡುವೆಯ ಥರ ಆರು ಮೂಲೆಯ ಎರಿ ಇಲ್ಲ. ಜೇನಿಗೆ ಬೇರೆ ಗಡಿಗೆ, ಪರಾಗಕ್ಕೆ ಬೇರೆ ಗಡಿಗೆ, ಮರಿಗಳಿಗೆ ಬೇರೆ ಗೊಂಚಲು. ತುಪ್ಪ ಹುಳಿಮಿಶ್ರಿತ ಸಿಹಿ, ವರ್ಷಕ್ಕೆ ಅರ್ಧ ಕಿಲೋ ಸಿಕ್ಕರೆ ದೊಡ್ಡದು. ಹಾರುವುದು ಕೆಲವು ನೂರು ಮೀಟರ್ ಮಾತ್ರ, ಹಾಗಾಗಿ ಹೂಗಿಡಗಳು ಮನೆಯ ಆಸುಪಾಸಿನಲ್ಲೇ ಇರಬೇಕು.

ಊರಿನೊಳಗಿನ ಮನೆ, ಮಕ್ಕಳು, ವಯಸ್ಸಾದವರು, ಪಕ್ಕದಲ್ಲೇ ನೆರೆಯವರು ಇದ್ದರೆ ಕಣ್ಣು ಮುಚ್ಚಿಕೊಂಡು ಮುಜಂಟಿ ಆರಿಸಿ. ತುಪ್ಪದ ಲೆಕ್ಕ ಹಾಕುವವರಿಗೆ ತುಡುವೆ. ಮನೆಯಲ್ಲಿ ಯಾರಿಗಾದರೂ ಜೇನು ಕಚ್ಚಿದಾಗ ಉಸಿರು ಕಟ್ಟುವುದು, ಮೈಯೆಲ್ಲ ದದ್ದು ಏಳುವುದು ಇದ್ದರೆ ತುಡುವೆಯ ಯೋಚನೆಯೇ ಬೇಡ. ಯಾವುದೇ ಆದರೂ ಸಂಸಾರವನ್ನು ಪಾಲು ಮಾಡಿ ಕೊಡುವ ಕೃಷಿಕರಿಂದ ಕೊಳ್ಳಿ. ಕಾಡಿನ ಮರ ಕಡಿದು, ಗೋಡೆ ಒಡೆದು ತಂದವರಿಂದ ಕೊಂಡರೆ ಇನ್ನೊಂದು ಗೂಡು ಒಡೆಯಲು ನೀವೇ ದುಡ್ಡು ಕೊಟ್ಟಂತೆ.

ಬೇಟೆಗಾರ ಹುಳಗಳು ಮತ್ತು ಇರುವೆ

ಎಲೆಯ ತಂಟೆಯೇ ಬೇಡ ಅನ್ನುವವರಿಗೆ ಈ ಗುಂಪು. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು, ಅತಿ ಸುಲಭವಾದದ್ದೂ ಹೌದು, ಗುಬ್ಬಿ ಹುಳ. ಹಳೆ ದೇವಸ್ಥಾನದ ಜಗಲಿ ಕೆಳಗೆ, ಕೊಟ್ಟಿಗೆಯ ಸೂರಿನಡಿ, ಮಳೆ ತಾಗದ ಒಣ ಮಣ್ಣಿನಲ್ಲಿ ಆಲಿಕೆ ಆಕಾರದ ಗುಳಿಗಳು ಕಾಣುತ್ತವಲ್ಲ, ಅದರ ತಳದಲ್ಲಿ ಕೂತಿರುವ ಹುಳ. ಬಟ್ಟಲಲ್ಲಿ ನಾಲ್ಕೈದು ಸೆಂಟಿಮೀಟರ್ ಜರಡಿ ಹಿಡಿದ ಒಣ ಮಣ್ಣು ಹಾಕಿ, ಮೇಲೆ ಹುಳವನ್ನು ಬಿಡಿ. ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ಸುತ್ತು ಹಾಕಿ, ತಲೆಯಿಂದ ಮಣ್ಣು ಚಿಮ್ಮುತ್ತಾ ಗುಳಿ ತೋಡುತ್ತದೆ. ಗುಳಿಯ ಇಳಿಜಾರು ಎಷ್ಟು ಸರಿಯಾಗಿರುತ್ತದೆಂದರೆ ಅಂಚಿಗೆ ಇರುವೆಯ ಕಾಲು ತಾಗಿದರೂ ಮಣ್ಣು ಜಾರುತ್ತದೆ. ಇರುವೆ ಮೇಲೆ ಹತ್ತಲು ನೋಡಿದರೆ ಕೆಳಗಿನಿಂದ ಮಣ್ಣು ಎರಚಿ ಕೆಡವುತ್ತದೆ.

ಎರಡು ಮೂರು ದಿನಕ್ಕೆ ಒಂದು ಇರುವೆ ಕೊಟ್ಟರೆ ಸಾಕು, ವಾರ ಕೊಡದಿದ್ದರೂ ಏನೂ ಆಗುವುದಿಲ್ಲ. ಊರಿಗೆ ಹೋಗಿ ಬರಬಹುದು. ಮರಿಯಾಗಿರುವಷ್ಟು ಕಾಲ ಇದು ಹಿಕ್ಕೆಯನ್ನೇ ಹಾಕುವುದಿಲ್ಲ, ಒಳಗೇ ಕೂಡಿಟ್ಟುಕೊಂಡಿರುತ್ತದೆ. ಹಾಗಾಗಿ ಬಟ್ಟಲು ತೊಳೆಯುವ ಕೆಲಸವೂ ಇಲ್ಲ. ದೊಡ್ಡದಾಗಿ ಮಣ್ಣಿನ ಗೋಲಿಯೊಳಗೆ ಸೇರಿ, ಕೊನೆಗೆ ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ರೆಕ್ಕೆಯ ಕೀಟವಾಗುತ್ತದೆ. ಆದರೆ ಅದಕ್ಕೆ ವರ್ಷಕ್ಕೂ ಜಾಸ್ತಿ ಹಿಡಿಯಬಹುದು. ಒಂದು ವಾರ ಇಟ್ಟು ನೋಡಿ, ತಂದ ಜಾಗದಲ್ಲೇ ಬಿಟ್ಟುಬಿಡಿ. ಆರು ಏಳು ವರ್ಷದ ಮಕ್ಕಳಿಗೆ ಮೊದಲ ಹುಳ ಇದೇ ಆಗಲಿ ಅಂತ ನನ್ನ ಆಸೆ.

ಪ್ರೇಯಿಂಗ್ ಮ್ಯಾಂಟಿಸ್, ಹಳ್ಳಿಗಳ ಸೂರ್ಯನ ಕುದುರೆ, ತಲೆ ತಿರುಗಿಸಿ ನಿಮ್ಮನ್ನೇ ನೋಡುತ್ತದೆ. ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಜೀವಂತ ನೊಣ, ಪತಂಗ ಹಿಡಿದು ಕೊಡಬೇಕು. ಒಂದು ಡಬ್ಬಿಯಲ್ಲಿ ಒಂದೇ ಇರಬೇಕು, ಎರಡಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಪೊರೆ ಬಿಡುವಾಗ ತಲೆಕೆಳಗಾಗಿ ನೇತಾಡುವುದರಿಂದ ಡಬ್ಬಿಯ ಎತ್ತರ ಹುಳದ ಉದ್ದದ ಮೂರು ಪಟ್ಟಾದರೂ ಇರಲಿ, ಮುಚ್ಚಳಕ್ಕೆ ಜಾಲರಿ ಇರಲಿ. ನೊಣ ಹಿಡಿಯುವ ಉತ್ಸಾಹ ಎರಡೇ ವಾರಕ್ಕೆ ಇಳಿಯುವ ಮನೆಗಳಿಗೆ ಇದು ಸಲ್ಲದು.

ಇರುವೆ ಸಾಕುವುದು ತಾಳ್ಮೆಯವರ ಕೆಲಸ. ಬೇಸಿಗೆಯ ಕೊನೆಯ ಮಳೆ ಬಿದ್ದ ಸಂಜೆ ರೆಕ್ಕೆಯ ಇರುವೆಗಳು ಹಾರುತ್ತವೆ. ರೆಕ್ಕೆ ಕಳಚಿ ನೆಲದಲ್ಲಿ ಒಂಟಿಯಾಗಿ ಓಡಾಡುವ ದಪ್ಪ ಗೊದ್ದ ಸಿಕ್ಕರೆ ಅದು ಹೊಸ ರಾಣಿ. ಪರೀಕ್ಷಾ ನಳಿಕೆಯ ತಳದಲ್ಲಿ ನೀರು, ಅದರ ಮೇಲೆ ಬಿಗಿಯಾಗಿ ಹತ್ತಿ, ಒಳಗೆ ರಾಣಿ, ಬಾಯಿಗೆ ಇನ್ನೊಂದು ಹತ್ತಿ. ಕತ್ತಲಲ್ಲಿಟ್ಟು ಮರೆತುಬಿಡಿ. ಮೊದಲ ಕೆಲಸಗಾರ ಇರುವೆಗಳು ಬರುವವರೆಗೆ ಗೊದ್ದದ ರಾಣಿಗೆ ಊಟ ಬೇಡ, ತನ್ನ ರೆಕ್ಕೆಯ ಸ್ನಾಯು ಕರಗಿಸಿಕೊಂಡೇ ಮರಿಗಳನ್ನು ಸಾಕುತ್ತದೆ. ದಿನಾ ತೆಗೆದು ನೋಡಿದರೆ ಗಾಬರಿಯಾಗಿ ತನ್ನ ಮೊಟ್ಟೆಯನ್ನೇ ತಿನ್ನುತ್ತದೆ. ರಾಣಿ ವರ್ಷಗಟ್ಟಲೆ ಬದುಕುತ್ತದೆ ಅನ್ನುವುದು ನೆನಪಿರಲಿ. ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ ಚಗಳಿಯನ್ನು ಮಾತ್ರ ಮನೆಯೊಳಗೆ ತರುವ ಸಾಹಸ ಬೇಡ. ಮರಿಗಳ ರೇಷ್ಮೆಯಿಂದ ಎಲೆ ಹೊಲಿಯುವುದನ್ನು ಮಾವಿನ ಮರದಲ್ಲೇ ನೋಡಿ.

ಬ್ರಿಟನ್, ಜರ್ಮನಿಯಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿನ ಶಾಲೆಗಳಲ್ಲಿ ಸಾಕುವ ಇಂಡಿಯನ್ ಸ್ಟಿಕ್ ಇನ್ಸೆಕ್ಟ್ ಅನ್ನುವ ಕಡ್ಡಿಹುಳ ಮೂಲತಃ ತಮಿಳುನಾಡಿನದು. ಐವಿ ಎಲೆ ತಿಂದು ಬದುಕುತ್ತದೆ, ಗಂಡಿಲ್ಲದೆ ಮೊಟ್ಟೆ ಇಡುತ್ತದೆ, ಚಳಿಗಾಲದಲ್ಲೂ ಸಾಕಬಹುದು. ಅಮೆರಿಕದಲ್ಲಿ ಮಾತ್ರ ಕೃಷಿ ಇಲಾಖೆಯ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಎಲ್ಲೇ ಆದರೂ ಹೆಚ್ಚಾದ ಮೊಟ್ಟೆಗಳನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಎಸೆಯಬೇಕು.

ಇವು ಬೇಡ

ಆಫ್ರಿಕನ್ ದೈತ್ಯ ಬಸವನಹುಳು. ಮಳೆಗಾಲದಲ್ಲಿ ತೋಟಗಳಲ್ಲಿ ರಾಶಿ ಬೀಳುತ್ತದೆ, ಸುಲಭವಾಗಿ ಸಿಗುತ್ತದೆ ಅಂತ ಮಕ್ಕಳು ತರುತ್ತಾರೆ. 19ನೇ ಶತಮಾನದಲ್ಲಿ ಕಲ್ಕತ್ತಾಕ್ಕೆ ಬಂದು ದೇಶವೆಲ್ಲ ಹರಡಿದ ಪಿಡುಗು ಇದು. ಮೆದುಳಿಗೆ ಸೋಂಕು ತರುವ ಇಲಿ ಶ್ವಾಸಕೋಶದ ಹುಳು ಇದರ ಮೈಯಲ್ಲಿ ಇರಬಹುದು. ಮುಟ್ಟಿದ್ದರೆ ಸೋಪು ಹಾಕಿ ಕೈ ತೊಳೆಸಿ.

ವಿದೇಶಿ ಟರಾಂಟುಲಾ ಜೇಡ, ಎಂಪರರ್ ಚೇಳುಗಳನ್ನು ಮಾರುವವರಿದ್ದಾರೆ. ಇವುಗಳಲ್ಲಿ ಹಲವು, ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ನಂತರ ಅಂಥವನ್ನು ಇಟ್ಟುಕೊಳ್ಳಲು ನೋಂದಣಿ ಕಡ್ಡಾಯ. ನಮ್ಮ ಎಷ್ಟೋ ಚಿಟ್ಟೆಗಳೂ 1972ರ ಅದೇ ಕಾಯ್ದೆಯ ರಕ್ಷಣೆಯಲ್ಲಿವೆ. ಕಾಡಿನಿಂದ, ಅಭಯಾರಣ್ಯದಿಂದ ಏನನ್ನೂ ತರಬೇಡಿ. ನಮ್ಮ ರಾಜ್ಯದ ಚಿಟ್ಟೆಯಾದ ಸಹ್ಯಾದ್ರಿಯ ಸದರ್ನ್ ಬರ್ಡ್‌ವಿಂಗ್ ನೋಡುವ ಆಸೆ ಇದ್ದರೆ, ಮಲೆನಾಡು ಅಥವಾ ಕರಾವಳಿಯವರು ಹಿತ್ತಲಲ್ಲಿ ಈಶ್ವರಿ ಬಳ್ಳಿ ನೆಡಿ. ಬಂದರೆ ಅದರ ಪಾಡಿಗೆ ಬಿಟ್ಟು ದೂರದಿಂದ ನೋಡಿ.

ಸಾಕದೆ ನೋಡುವುದೂ ಒಂದು ಆಯ್ಕೆಯೇ

ಕೆಲವು ಹುಳಗಳನ್ನು ಸಾಕಲು ಹೋದರೆ ಕಳೆದುಕೊಳ್ಳುತ್ತೇವೆ. ಮಿಂಚುಹುಳು ಅಂಥದ್ದು. ಬಾಟಲಿಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಅದರ ಅಲ್ಪ ಆಯಸ್ಸಿನ ಒಂದು ರಾತ್ರಿ ಹಾಳು. ಉತ್ತರ ಕರ್ನಾಟಕದಲ್ಲಿ ಮುಂಗಾರಿನ ಮೊದಲ ಮಳೆಗೆ ಬರುವ ಕೆಂಪು ಮಖಮಲ್ಲಿನ ಮಿರಗದ ಹುಳವೂ ಅಷ್ಟೆ. ಅಂಗೈಯಲ್ಲಿ ಇಟ್ಟು ನೋಡಿ, ಅದೇ ನೆಲಕ್ಕೆ ಬಿಡಿ.

ಕಿಟಕಿಯ ಹೊರಗೆ ಸಜ್ಜಾದ ಕೆಳಗೆ ಕಾಗದದಂಥ ಗೂಡು ಕಟ್ಟುವ ಕಣಜ ಬಂದಿದ್ದರೆ, ಓಡಾಡುವ ದಾರಿಯಲ್ಲಿ ಇಲ್ಲದಿದ್ದರೆ, ಸುಡಲು ಹೋಗಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಅವರು ರೊಪಲಿಡಿಯಾ ಮಾರ್ಜಿನೇಟಾ ಅನ್ನುವ ಇಂಥದೇ ಸಾಮಾನ್ಯ ಕಣಜವನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟು, ಯಾರು ಏನು ಮಾಡುತ್ತಾರೆ ಅಂತ ಬರೆದಿಟ್ಟ ಕೆಲಸ ಅದು. ಈ ಕಣಜದ ರಾಣಿ ತೀರಾ ಸಾಧು, ಯಾರ ಮೇಲೂ ಜೋರು ಮಾಡುವುದಿಲ್ಲ. ಆದರೆ ರಾಣಿಯನ್ನು ತೆಗೆದರೆ ಕೆಲವೇ ನಿಮಿಷಗಳಲ್ಲಿ ಕೆಲಸಗಾರರಲ್ಲಿ ಒಂದು ಏಕಾಏಕಿ ಜಗಳಕ್ಕೆ ಇಳಿಯುತ್ತದೆ, ಮುಂದೆ ಅದೇ ರಾಣಿಯಾಗುತ್ತದೆ. ಕಿಟಕಿಯ ಗಾಜಿನ ಈಚೆ ಒಂದು ನೋಟ್‌ಬುಕ್ ಇಟ್ಟುಕೊಂಡರೆ ಇಂಥ ಸಂಸಾರದ ದಿನಚರಿ ನಿಮಗೂ ಸಿಗುತ್ತದೆ.

ರಾತ್ರಿ ತಾರಸಿಯಲ್ಲಿ ಬಿಳಿ ಪಂಚೆ ಕಟ್ಟಿ ಹಿಂದೆ ಒಂದು ದೀಪ ಹಚ್ಚಿದರೆ ಪತಂಗಗಳು ಬಂದು ಕೂರುತ್ತವೆ. ಎರಡು ಗಂಟೆ ಸಾಕು. ದೀಪ ಆರಿಸದೆ ಬಿಟ್ಟರೆ ಬೆಳಗ್ಗೆ ಹಕ್ಕಿಗಳಿಗೆ ಹಬ್ಬ. ಇಡೀ ಕುಟುಂಬ ಒಟ್ಟಿಗೆ ಹೋಗುವುದಾದರೆ ಬನ್ನೇರುಘಟ್ಟದಲ್ಲಿ 2006ರಿಂದ ಇರುವ ಚಿಟ್ಟೆ ಉದ್ಯಾನ ಹತ್ತಿರದ ಜಾಗ.

ಶುರು ಮಾಡುವುದಾದರೆ ಮಳೆ ಬಿದ್ದು ಗಿಡಗಳು ಚಿಗುರುವ ಹೊತ್ತು ಒಳ್ಳೆಯದು. ನರ್ಸರಿಯಿಂದ ಎರಡು ಕರಿಬೇವಿನ ಗಿಡ ತನ್ನಿ. ಒಂದೇ ಇದ್ದರೆ ದೊಡ್ಡ ಹುಳ ಎರಡು ದಿನದಲ್ಲಿ ಬೋಳು ಮಾಡುತ್ತದೆ. ನರ್ಸರಿಯಲ್ಲಿ ಔಷಧಿ ಹೊಡೆದಿರುವ ಸಾಧ್ಯತೆ ಇರುವುದರಿಂದ ಎಲೆಗಳನ್ನು ಚೆನ್ನಾಗಿ ತೊಳೆದು, ತುದಿ ಚಿವುಟಿ, ಹೊಸ ಚಿಗುರು ಬರುವವರೆಗೆ ಹುಳ ಬಿಡಬೇಡಿ. ಆ ಚಿಗುರು ಎರಡು ಬೆರಳು ಉದ್ದ ಬಂದಾಗಿನಿಂದ ದಿನಾ ಬೆಳಗ್ಗೆ ಎಲೆಯ ಕೆಳಗೆ ಒಮ್ಮೆ ನೋಡಿ.